ಕೆಂಪು ಕಲ್ಲಿನ ಗೋಡೆಗೆ ಪಸೆ ಬಂದಿದೆಯೇ? ಪೇಂಟ್ ತರುವ ಮೊದಲು ನೀರಿನ ದಾರಿ ಹುಡುಕಿ

ಜುಲೈ ಬಂತೆಂದರೆ ನನಗೆ ಬರುವ ಫೋನ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ. "ಗೋಡೆ ಒದ್ದೆ ಆಗ್ತಾ ಉಂಟು. ಪೇಂಟ್ ಎದ್ದು ಬರ್ತಾ ಉಂಟು. ಈ ಕೆಂಪು ಕಲ್ಲೇ ಸರಿ ಇಲ್ಲ ಮಾರಾಯ್ರೆ, ಸಿಮೆಂಟ್ ಬ್ಲಾಕ್ ಹಾಕಬೇಕಿತ್ತು."

ಉಡುಪಿ, ಕಾಪು, ಹಿರಿಯಡ್ಕ ಸುತ್ತಮುತ್ತ ಹಲವು ವರ್ಷಗಳಿಂದ ಮನೆ ಕಟ್ಟುವ, ರಿಪೇರಿ ಮಾಡುವ ಕೆಲಸ ಮಾಡುತ್ತಿದ್ದೇನೆ. ಒದ್ದೆ ಗೋಡೆ ಎಂದು ಕರೆದ ಮನೆಗಳಲ್ಲಿ ಕಲ್ಲೇ ತಪ್ಪಿತಸ್ಥ ಎಂದು ಕಂಡದ್ದು ತೀರಾ ಕಡಿಮೆ. ನೀರು ಬೇರೆಲ್ಲಿಂದಲೋ ಬರುತ್ತದೆ, ಕಲ್ಲು ಅದನ್ನು ತೋರಿಸುತ್ತದೆ ಅಷ್ಟೆ. ಆದರೆ ನಾವು ಮಾಡುವುದೇನು? ತೋರಿಸುವ ಜಾಗಕ್ಕೆ ವಾಟರ್‌ಪ್ರೂಫ್ ಪೇಂಟ್ ಬಳಿದು ಬಾಯಿ ಮುಚ್ಚಿಸುತ್ತೇವೆ. ನೀರು ಗೋಡೆಯೊಳಗೇ ಉಳಿಯುತ್ತದೆ. ಮುಂದಿನ ಆಟಿಗೆ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳಿಗೆ, ಒಂದಡಿ ಮೇಲೆ ಕಾಣಿಸುತ್ತದೆ.

ಈ ಕಲ್ಲಿನ ಬಗ್ಗೆ ನನಗೆ ಪ್ರೀತಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಸಿಮೆಂಟ್ ಮಾಡಬೇಕಾದರೆ ಗೂಡಿನಲ್ಲಿ 1,450 ಡಿಗ್ರಿ ಸೆಲ್ಸಿಯಸ್ ಹತ್ತಿರ ಸುಡಬೇಕು. ಇಟ್ಟಿಗೆಯನ್ನೂ ಸುಡಬೇಕು. ಕೆಂಪು ಕಲ್ಲನ್ನು ಕೋರೆಯಲ್ಲಿ ಕಡಿದು ಗಾಳಿಗೆ ಬಿಟ್ಟರೆ ಸಾಕು, ತಾನೇ ಗಟ್ಟಿಯಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರಂನಲ್ಲಿ ಈ ಗುಣ ನೋಡಿ ಬೆರಗಾಗಿ ಬರೆದ. 1807ರಲ್ಲಿ ಅಚ್ಚಾದ ಅವನ ಪ್ರವಾಸದ ಪುಸ್ತಕದಲ್ಲೇ ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಬಿತ್ತು. ಲ್ಯಾಟಿನ್‌ನಲ್ಲಿ ಅದರ ಮೂಲ ಪದಕ್ಕೆ ಇಟ್ಟಿಗೆ ಎಂದರ್ಥ. ಕೋರೆ ಹೊಂಡಗಳನ್ನು ಹಾಗೇ ಬಿಟ್ಟು ಹೋಗುವುದು ತಪ್ಪು, ಅದನ್ನು ಬೇಲಿ ಹಾಕಿ ಮುಚ್ಚಲೇಬೇಕು. ಆದರೆ ಹತ್ತಿರದ ಕೋರೆಯ ಕಲ್ಲಿನಲ್ಲಿ ಕಟ್ಟಿ, ನೂರು ವರ್ಷ ಬಾಳಿಸಿದ ಮನೆಗೆ ತಗಲುವ ಇಂಧನ ಎಷ್ಟು ಕಡಿಮೆ ಎಂದು ಯೋಚಿಸಿ. ಬಾಳಿಸುವುದು ಮುಖ್ಯ. ಪಸೆ ಬಂದಿತೆಂದು ಗೋಡೆ ಒಡೆದು ಬ್ಲಾಕ್ ಇಟ್ಟರೆ ಆ ಲಾಭವೆಲ್ಲ ಹೋಯಿತು.

ಪೆನ್ಸಿಲ್ ಹಿಡಿದು ಗೋಡೆ ಎದುರು ನಿಲ್ಲಿ

ಪತ್ತೆ ಕೆಲಸಕ್ಕೆ ದುಬಾರಿ ಮೀಟರ್ ಬೇಡ. ಒಂದು ಪೆನ್ಸಿಲ್, ಒಂದು ಟೇಪು, ಒಂದು ತುಂಡು ಪ್ಲಾಸ್ಟಿಕ್ ಶೀಟು, ಅಗಲ ಅಂಟುಪಟ್ಟಿ, ಒಂದು ರೂಪಾಯಿ ನಾಣ್ಯ, ಒಂದು ಕಬ್ಬಿಣದ ಮೊಳೆ. ಇಷ್ಟು ಸಾಕು. ಜೊತೆಗೆ ಎರಡು ವಾರದ ತಾಳ್ಮೆ.

ಒದ್ದೆ ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಎರಡು ದಿನಕ್ಕೊಮ್ಮೆ ನೋಡಿ. ಮಳೆ ಜೋರಾದ ದಿನ, ಮಳೆ ಬಿಟ್ಟು ಎರಡು ದಿನ ಬಿಸಿಲು ಬಂದ ಮೇಲೆ, ಎರಡೂ ಬೇಕು. ಗೋಡೆ ಮಳೆ ಬಂದಾಗ ಒದ್ದೆಯಾಗಿ ಮಳೆ ಬಿಟ್ಟಾಗ ಒಣಗಿದರೆ ಹೊರಗಿನ ನೀರು. ಮಳೆ ಬಿಟ್ಟರೂ ಗೆರೆ ಅಲ್ಲಾಡದಿದ್ದರೆ ನೆಲದ ನೀರು. ಬೇಸಿಗೆಯಲ್ಲೂ ಒಂದೇ ಥರ ಒದ್ದೆ ಇದ್ದರೆ ಪೈಪು. ಬಿಸಿಲಿಲ್ಲದ ದಿನ ಮಳೆ ಇಲ್ಲದಿದ್ದರೂ ಒದ್ದೆಯಾದರೆ ಗಾಳಿಯ ತೇವ ಅಥವಾ ಉಪ್ಪು. ಈ ನಾಲ್ಕು ಸಾಲು ಎಲ್ಲ ಮನೆಗೂ ಹಾಗೇ ಒಪ್ಪುವುದಿಲ್ಲ. ಒಂದೇ ಗೋಡೆಗೆ ಎರಡು ಕಾರಣ ಇರುವುದೂ ಉಂಟು. ಆದರೂ ಶುರು ಮಾಡುವುದು ಇಲ್ಲಿಂದಲೇ.

ಕಾಪು ಹತ್ತಿರದ ಒಂದು ಮನೆಯ ಕಥೆ ಹೇಳುತ್ತೇನೆ. ಹನ್ನೆರಡು ವರ್ಷದ ಮನೆ. ಮಲಗುವ ಕೋಣೆಯ ಪಡು ಗೋಡೆ ಕೆಳಗೆ ಮೂರಡಿವರೆಗೆ ಒದ್ದೆ. ಮೂರು ಸಲ ಪೇಂಟ್ ಮಾಡಿಸಿದ್ದರು. ಒಬ್ಬ ಕಂಟ್ರಾಕ್ಟರ್ ಹೊರಗೂ ಒಳಗೂ ರಬ್ಬರಿನಂಥ ಕೋಟಿಂಗ್ ಹೊಡೆದು ಹೋಗಿದ್ದರು. ಪಡು ಗೋಡೆ, ಸಮುದ್ರದ ಕಡೆ, ಹಾಗಾಗಿ ಎಲ್ಲರೂ ಗಾಳಿಮಳೆ ಎಂದೇ ತೀರ್ಮಾನಿಸಿದ್ದರು. ನನಗೂ ಮೊದಲು ಹಾಗೇ ಅನಿಸಿತು. "ಅಕ್ಕ, ಎರಡು ವಾರ ಏನೂ ಮಾಡುವುದು ಬೇಡ, ಗೆರೆ ಎಳೆಯಿರಿ" ಎಂದು ಹೇಳಿ ಬಂದೆ. ಎರಡನೇ ವಾರದಲ್ಲಿ ಮೂರು ದಿನ ಚೆನ್ನಾಗಿ ಬಿಸಿಲು ಬಂತು. ಗೆರೆ ಒಂದಿಂಚೂ ಇಳಿಯಲಿಲ್ಲ. ಗಾಳಿಮಳೆಯ ನೀರಾಗಿದ್ದರೆ ಅಂಚಾದರೂ ಸ್ವಲ್ಪ ಒಣಗಬೇಕಿತ್ತು, ಅಲ್ವಾ?

ಮತ್ತೆ ಹೋಗಿ ಹೊರಗೆ ಅಂಗಳ ನೋಡಿದೆ. ಚಂದದ ಇಂಟರ್‌ಲಾಕ್ ಹಾಸಿತ್ತು. "ಇದು ಯಾವಾಗ ಹಾಕಿದ್ದು?" ಎಂದು ಕೇಳಿದೆ. "ಮಗಳ ಮದುವೆಗೆ, ಐದು ವರ್ಷ ಆಯ್ತು." "ಗೋಡೆಗೆ ಪಸೆ ಯಾವಾಗಿಂದ?" ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರ ಮರುವರ್ಷದಿಂದ" ಎಂದರು.

ಕೆಳಗಿನಿಂದ ಏರುವ ನೀರು

ಹಳೆ ಅಂಗಳದ ಮೇಲೆ ಜಲ್ಲಿಪುಡಿ, ಅದರ ಮೇಲೆ ಇಂಟರ್‌ಲಾಕ್. ಒಟ್ಟು ಏಳಿಂಚು ಎದ್ದಿತ್ತು. ಪಂಚಾಂಗದ, ಅಂದರೆ ಅಡಿಪಾಯದ, ಮೇಲಿನ ಡಿಪಿಸಿ ಪಟ್ಟಿ ಅಂಗಳದ ಮಟ್ಟಕ್ಕಿಂತ ಕೆಳಗೆ ಹೋಗಿತ್ತು. ಡಿಪಿಸಿ ಎಂದರೆ ನೆಲದ ನೀರು ಗೋಡೆಗೆ ಏರದ ಹಾಗೆ ಪಂಚಾಂಗ ಮತ್ತು ಗೋಡೆಯ ನಡುವೆ ಹಾಕುವ ಪದರ. ಮಣ್ಣು ಅದಕ್ಕಿಂತ ಮೇಲೆ ಬಂದರೆ ನೀರಿಗೆ ಅದನ್ನು ದಾಟಬೇಕಾಗಿಯೇ ಇಲ್ಲ, ಪಕ್ಕದಿಂದ ನೇರ ಗೋಡೆಗೆ ಹೋಗುತ್ತದೆ. ಸಾಲದ್ದಕ್ಕೆ ಅಂಗಳದ ಇಳಿಜಾರು ಗೋಡೆಯ ಕಡೆಗಿತ್ತು.

ನಮ್ಮ ಕರಾವಳಿಯಲ್ಲಿ ಇತ್ತೀಚೆಗೆ ನಾನು ಅತಿ ಹೆಚ್ಚು ಕಾಣುವ ಕಾರಣ ಇದು. ಇಂಟರ್‌ಲಾಕ್ ಇಲ್ಲದ ಕಡೆ ಹೂವಿನ ಪಾತಿ, ಅಥವಾ ಗೋಡೆಗೆ ಒತ್ತಿ ಸುರಿದ ಮಣ್ಣು. ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ ಬೀಳುವ ಊರಿದು. ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಾಲ್ಕು ತಿಂಗಳು ಪಂಚಾಂಗ ನೀರಲ್ಲೇ ನಿಂತ ಹಾಗೆ.

ಗುರುತು ಹೇಗೆ? ಒದ್ದೆ ನೆಲದಿಂದಲೇ ಶುರುವಾಗುತ್ತದೆ. ಮೇಲಿನ ಅಂಚು ಹೆಚ್ಚುಕಮ್ಮಿ ಸಮವಾಗಿ ಅಡ್ಡಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಮೂರು ನಾಲ್ಕು ಅಡಿಗಿಂತ ಮೇಲೆ ಹೋಗುವುದಿಲ್ಲ. ಅಂಚಿನಲ್ಲಿ ಬಿಳಿ ಹುಡಿ ಇರುತ್ತದೆ. ಕೆಂಪು ಕಲ್ಲಿನ ದೊಡ್ಡ ತೂತುಗಳು ನೀರನ್ನು ಎಳೆಯುವುದಿಲ್ಲ. ನೀರನ್ನು ಮೇಲಕ್ಕೆ ಎಳೆಯುವುದು ಕಲ್ಲಿನ ಒಳಗಿನ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳು ಮತ್ತು ಕಲ್ಲಿನ ನಡುವಿನ ಗಾರೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ. ಸಾಧಾರಣ ಗೋಡೆಯಲ್ಲಿ ಆ ನೀರು ಎರಡೂ ಬದಿಯಿಂದ ಆರಿಹೋಗುತ್ತದೆ, ಒಂದಡಿಗಿಂತ ಮೇಲೆ ಏರಲು ಪುರುಸೊತ್ತೇ ಸಿಗುವುದಿಲ್ಲ. ಎರಡೂ ಬದಿಗೆ ಸಿಮೆಂಟ್ ಸಾರಣೆ (ಪ್ಲಾಸ್ಟರ್), ಪುಟ್ಟಿ, ಎಮಲ್ಷನ್ ಹಾಕಿ ಮುಚ್ಚಿದರೆ ಆರಲು ಜಾಗ ಹುಡುಕುತ್ತಾ ಮೇಲೆ ಹೋಗುತ್ತದೆ. ಕಾಪುವಿನ ಮನೆಯಲ್ಲಿ ಮೊದಲ ವರ್ಷ ಒಂದಡಿ ಇದ್ದದ್ದು ಪೇಂಟ್ ಮಾಡಿದ ಹಾಗೆಲ್ಲ ಮೂರಡಿಗೆ ಬಂದದ್ದು ಇದಕ್ಕೇ.

ಗೋಡೆಗೆ ತೂತು ಕೊರೆದು ರಾಸಾಯನಿಕ ಇಂಜೆಕ್ಷನ್ ಕೊಡುವವರಿದ್ದಾರೆ. ಕೆಂಪು ಕಲ್ಲಿಗೆ ನಾನು ಅದನ್ನು ಹೇಳುವುದಿಲ್ಲ. ಕಲ್ಲಿನ ಒಳಗೆ ಹುಳು ಕೊರೆದ ಹಾಗೆ ತೂತುಗಳಿವೆ. ಸುರಿದ ದ್ರವ ಒಂದು ತೂತಿನಿಂದ ಇನ್ನೊಂದಕ್ಕೆ ಹರಿದು ಹೋಗುತ್ತದೆ, ಉದ್ದಕ್ಕೂ ಒಂದು ಪದರವಾಗಿ ನಿಲ್ಲುತ್ತದೆ ಎಂಬ ಭರವಸೆ ಇಲ್ಲ. ಮೊದಲು ಗುದ್ದಲಿ ಹಿಡಿಯಿರಿ. ಗೋಡೆಯುದ್ದಕ್ಕೂ ಒಂದೂವರೆ ಅಡಿ ಅಗಲ ಅಂಗಳ ತಗ್ಗಿಸಿ. ಡಿಪಿಸಿಗಿಂತ ಕನಿಷ್ಠ ಆರಿಂಚು ಕೆಳಗೆ ಬರಲಿ. ಅಲ್ಲಿ ಜಲ್ಲಿ ತುಂಬಿ, ನೀರು ದೂರ ಹರಿಯುವ ಹಾಗೆ ಚರಂಡಿ ಕೊಡಿ. ಹೊರಗಿನ ಸಾರಣೆ ಮಣ್ಣಿನೊಳಗೆ ಇಳಿದಿದ್ದರೆ ಡಿಪಿಸಿ ಮಟ್ಟದಲ್ಲಿ ಕತ್ತರಿಸಿ ತೆಗೆಯಿರಿ.

ಪಡು ಗೋಡೆಯ ಗಾಳಿಮಳೆ

ಇಲ್ಲಿ ಒದ್ದೆ ನೆಲದಿಂದ ಶುರುವಾಗುವುದಿಲ್ಲ. ಕಿಟಕಿಯ ಮೂಲೆ, ಲಿಂಟಲ್, ಸ್ಲ್ಯಾಬಿನ ಕೆಳಗೆ, ನಡು ಗೋಡೆಯಲ್ಲಿ ತೇಪೆ ತೇಪೆಯಾಗಿ ಕಾಣುತ್ತದೆ. ಮುಂಗಾರಿನ ಗಾಳಿ ಪಡು ಮತ್ತು ನೈಋತ್ಯದಿಂದ ಬೀಸುವುದರಿಂದ ಮನೆಯ ಆ ಎರಡು ಬದಿಗಳಲ್ಲೇ ಜಾಸ್ತಿ. ಹಿಂದಿನವರು ಮಳೆಗಾಲಕ್ಕೆ ಮೊದಲು ಆ ಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಮಾಡನ್ನು, ಅಂದರೆ ಛಾವಣಿಯನ್ನು, ಗೋಡೆಯಿಂದ ಎರಡು ಮೂರು ಅಡಿ ಹೊರಗೆ ಇಳಿಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಕೆಂಪು ಕಲ್ಲಿನ ಗೋಡೆ, ಮೇಲೆ ಹಂಚಿನ ಇಳಿ ಮಾಡು ನಮ್ಮ ಊರಿನ ಜೋಡಿಯಾಯಿತು. ಕಲ್ಲಿಗೆ ಆ ಮಾಡಿನ ನೆರಳು ಬೇಕು. ನಾವು ಮಾಡು ತೆಗೆದು ಚಪ್ಪಟೆ ಸ್ಲ್ಯಾಬ್ ಹಾಕಿ, ಗೋಡೆಯನ್ನು ಮಳೆಗೆ ಒಡ್ಡಿ, ಆಮೇಲೆ ಕಲ್ಲನ್ನು ಬೈಯುತ್ತೇವೆ.

ಖಚಿತ ಮಾಡಿಕೊಳ್ಳಲು ಬೇಸಿಗೆಯಲ್ಲಿ ಪೈಪಿನಿಂದ ನೀರು ಹೊಡೆದು ನೋಡಬಹುದು. ಕೆಳಗಿನಿಂದ ಶುರು ಮಾಡಿ. ಮೊದಲು ಕಿಟಕಿಯ ಕೆಳಗೆ ಹದಿನೈದು ನಿಮಿಷ, ಆಮೇಲೆ ಕಿಟಕಿಯ ಪಕ್ಕ, ಆಮೇಲೆ ಸನ್‌ಶೇಡು, ಕೊನೆಗೆ ಸ್ಲ್ಯಾಬಿನ ಅಂಚು. ಒಳಗೆ ಒಬ್ಬರು ನಿಂತಿರಲಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಇಳಿಯುತ್ತದೆ, ಎಲ್ಲಿಂದ ಒಳಗೆ ಬಂತು ಎಂದೇ ಗೊತ್ತಾಗುವುದಿಲ್ಲ.

ಹೊರಗಿನ ಸಾರಣೆಯನ್ನು ನಾಣ್ಯದಿಂದ ತಟ್ಟುತ್ತಾ ಹೋಗಿ. ಗಟ್ಟಿ ಶಬ್ದ ಬಂದರೆ ಸರಿ. ಪೊಳ್ಳು ಶಬ್ದ ಬಂದ ಕಡೆ ಸಾರಣೆ ಕಲ್ಲನ್ನು ಬಿಟ್ಟಿದೆ. ಸಿಮೆಂಟ್ ಜಾಸ್ತಿ ಹಾಕಿದ ಗಡುಸು ಸಾರಣೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಗಾಳಿ ಒತ್ತಿದ ನೀರಿಗೆ ಅಷ್ಟು ಸಾಕು. ಒಳಗೆ ಹೋದ ನೀರು ಹೊರಗೆ ಆರಿ ಬರಲು ಮಾತ್ರ ಆ ಬಿರುಕು ಸಾಲದು. ಸನ್‌ಶೇಡಿನ ಕೆಳ ಅಂಚಿನಲ್ಲಿ ನೀರು ತೊಟ್ಟಿಕ್ಕುವ ಗೆರೆ ಇದೆಯೇ ನೋಡಿ. ಇಲ್ಲದಿದ್ದರೆ ನೀರು ತಳಕ್ಕೆ ಅಂಟಿಕೊಂಡು ಗೋಡೆಗೆ ಬರುತ್ತದೆ. ಕಿಟಕಿಯ ಕೆಳಗಿನ ಕಲ್ಲು ಹೊರಗೆ ಇಳಿಜಾರಾಗಿರಬೇಕು. ಇವು ಸಣ್ಣ ಕೆಲಸಗಳು, ಒಂದು ದಿನದಲ್ಲಿ ಆಗುತ್ತವೆ. ದೊಡ್ಡ ಪರಿಹಾರ ಎಂದರೆ ಮಾಡು ಅಥವಾ ಶೀಟು ಆ ಬದಿಗೆ ಮುಂದಕ್ಕೆ ಚಾಚುವುದು. ಯಾವ ಕೋಟಿಂಗಿಗಿಂತಲೂ ನನಗೆ ಅದರ ಮೇಲೆ ನಂಬಿಕೆ ಜಾಸ್ತಿ.

ಪೈಪು

ಬಚ್ಚಲು, ಅಡುಗೆಮನೆಯ ಆಚೆ ಬದಿಯ ಗೋಡೆಯಾದರೆ ಇದನ್ನೇ ಮೊದಲು ನೋಡಿ. ರಾತ್ರಿ ಎಲ್ಲ ನಲ್ಲಿ ಮುಚ್ಚಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ನೀರು ಬರುವ ಪೈಪು ಸೋರುತ್ತಿದೆ. ಇಳಿಯದಿದ್ದರೆ ನೀರು ಹೋಗುವ ಕಡೆ ಅನುಮಾನ. ಬಚ್ಚಲಿನ ತೂಬಿಗೆ ಬಟ್ಟೆ ತುರುಕಿ, ಒಂದಿಂಚು ನೀರು ನಿಲ್ಲಿಸಿ, ಬಟ್ಟೆಗೆ ಹಾಕುವ ನೀಲಿ ಕಲಸಿ ಒಂದು ದಿನ ಬಿಡಿ. ನೀಲಿ ಆಚೆ ಬರಬಹುದು, ಬರದೆಯೂ ಇರಬಹುದು, ಕಲ್ಲು ಅದನ್ನು ಸೋಸಿಬಿಡುತ್ತದೆ. ಪೆನ್ಸಿಲ್ ಗೆರೆ ದಾಟಿ ಒದ್ದೆ ಹಬ್ಬಿದರೆ ಅದೇ ಸಾಕ್ಷಿ.

ಗಾಳಿಯ ತೇವವೋ, ಗೋಡೆಯ ತೇವವೋ

ಕಪಾಟಿನ ಹಿಂದೆ, ಮೂಲೆಯಲ್ಲಿ, ಕಿಟಕಿ ತೆರೆಯದ ಕೋಣೆಯಲ್ಲಿ ಕಪ್ಪು ಬೂಸ್ಟು ಬಂದರೆ ಎಲ್ಲರೂ ಸೋರುತ್ತಿದೆ ಎಂದೇ ಭಾವಿಸುತ್ತಾರೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಶೀಟನ್ನು ಗೋಡೆಗೆ ಇಟ್ಟು ನಾಲ್ಕೂ ಬದಿ ಅಂಟುಪಟ್ಟಿ ಹಾಕಿ. ಮೇಲ್ಮೈ ತೀರಾ ಒದ್ದೆ ಇದ್ದರೆ ಮೊದಲು ಒರೆಸಿ ಫ್ಯಾನ್ ಹಾಕಿ ಒಣಗಿಸಿ. ಎರಡು ದಿನ ಬಿಟ್ಟು ನೋಡಿ. ಶೀಟಿನ ಹೊರಬದಿ, ಕೋಣೆಯ ಕಡೆ, ಹನಿ ಕೂತಿದ್ದರೆ ಅದು ಕೋಣೆಯ ಗಾಳಿಯ ತೇವ. ಒಳಬದಿ, ಗೋಡೆಯ ಕಡೆ, ಹನಿ ಇದ್ದರೆ ಗೋಡೆಯೊಳಗಿಂದ ಬರುತ್ತಿದೆ.

ಗಾಳಿಯ ತೇವವಾದರೆ ಗೋಡೆ ಮುಟ್ಟಬೇಡಿ. ಕಪಾಟು ನಾಲ್ಕಿಂಚು ಮುಂದೆ ಎಳೆಯಿರಿ. ಒದ್ದೆ ಬಟ್ಟೆಯನ್ನು ಆ ಕೋಣೆಯಲ್ಲಿ ಒಣಗಿಸಬೇಡಿ. ಮೇಲ್ಗಡೆ ಗಾಳಿಕಿಂಡಿ ಮುಚ್ಚಿದ್ದರೆ ತೆರೆಯಿರಿ. ಎಸಿ ಹಾಕಿಸುವಾಗ ಎಷ್ಟೋ ಮನೆಗಳಲ್ಲಿ ಅದನ್ನು ಮುಚ್ಚಿರುತ್ತಾರೆ.

ಇನ್ನು ಉಪ್ಪು. ಮಲ್ಪೆ, ಉಳ್ಳಾಲ, ಸುರತ್ಕಲ್ ಕಡೆ ಸಮುದ್ರ ಹತ್ತಿರ. ಅಳಿವೆಗೆ ಹತ್ತಿರದ ಹೊಳೆಯ ಮರಳಿನಲ್ಲಿ ಉಪ್ಪುನೀರು ಸೇರಿರುತ್ತದೆ. ಅದನ್ನು ತೊಳೆಯದೆ ಸಾರಣೆಗೆ ಬಳಸಿದರೆ ಉಪ್ಪು ಗೋಡೆಯಲ್ಲೇ ಕೂರುತ್ತದೆ. ಮಳೆಗಾಲದ ಗಾಳಿಯಿಂದ ನೀರು ಹೀರಿಕೊಂಡು ಗೋಡೆ ಬೆವರುತ್ತದೆ. ಎಲ್ಲೂ ಸೋರಿಕೆ ಇರುವುದಿಲ್ಲ. ಅಡುಗೆಮನೆಯ ಕಲ್ಲುಪ್ಪಿನ ಭರಣಿ ಆಟಿಯಲ್ಲಿ ನೀರಾಗುವುದಿಲ್ಲವೇ, ಹಾಗೆ. ಇದಕ್ಕೆ ಬೇಸಿಗೆಯಲ್ಲಿ ಬಿಳಿ ಹುಡಿಯನ್ನು ಒಣ ಬ್ರಷ್‌ನಿಂದ ಉಜ್ಜಿ, ಕೆಳಗೆ ಹಾಳೆ ಹಾಸಿ ಒಟ್ಟು ಮಾಡಿ ಹೊರಗೆ ಹಾಕಬೇಕು. ನೀರಿನಿಂದ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ತುಂಬಾ ಜಾಸ್ತಿ ಇದ್ದರೆ ಆ ಸಾರಣೆ ಕಿತ್ತು ತೆಗೆಯುವುದೇ ದಾರಿ.

ಕಲ್ಲಿನದೇ ತಪ್ಪಾದಾಗ

ಆಗುವುದಿಲ್ಲ ಎಂದಲ್ಲ. ಕೋರೆಯಲ್ಲಿ ಮೇಲಿನ ಪದರದ ಕಲ್ಲು ಗಟ್ಟಿ. ಕೆಳಗೆ ಹೋದ ಹಾಗೆ ಮೆತ್ತಗಾಗಿ ಕೊನೆಗೆ ಶೇಡಿ ಎಂಬ ಮೆತ್ತನೆಯ ಜೇಡಿ ಮಣ್ಣು ಸಿಗುತ್ತದೆ. ಅದರ ಹತ್ತಿರದ ಕಲ್ಲಿನಲ್ಲಿ ಬಿಳಿ, ಹಳದಿ ಮಣ್ಣಿನ ಗಂಟುಗಳಿರುತ್ತವೆ. ಒದ್ದೆಯಾದ ಜಾಗದ ಸಾರಣೆ ಸ್ವಲ್ಪ ತೆಗೆದು ಮೊಳೆಯಿಂದ ಕೆರೆದು ನೋಡಿ. ಬರೇ ಗೆರೆ ಬಿದ್ದರೆ ಕಲ್ಲು ಚೆನ್ನಾಗಿದೆ. ಮೊಳೆ ಒಳಗೆ ಇಳಿದು ಮಣ್ಣು ಉದುರಿದರೆ ಆ ಕಲ್ಲು ಬದಲಿಸಬೇಕು. ಒಂದೊಂದೇ ಕಲ್ಲು ತೆಗೆದು ಹಾಕಲು ಸಾಧ್ಯ, ಮೇಸ್ತ್ರಿ ಅನುಭವಸ್ಥರಿರಬೇಕು, ಮೇಲಿನ ಭಾರಕ್ಕೆ ಊರೆ ಕೊಟ್ಟೇ ಮಾಡಬೇಕು.

ಹೊಸದಾಗಿ ಕಟ್ಟುವವರು ಕಲ್ಲು ಇಳಿಸುವ ದಿನವೇ ಪರೀಕ್ಷೆ ಮಾಡಿ. ಚೆನ್ನಾಗಿ ಒಣಗಿದ ಕಲ್ಲನ್ನು ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಮೇಲಿನ ನೀರು ಒರೆಸಿ ಮತ್ತೆ ತೂಗಿ. ಭಾರತೀಯ ಮಾನಕ 3620ರ ಪ್ರಕಾರ ತೂಕ ನೂರಕ್ಕೆ 12ಕ್ಕಿಂತ ಹೆಚ್ಚು ಏರಬಾರದು. 20 ಕಿಲೋ ಕಲ್ಲು 22.4 ಕಿಲೋ ದಾಟಬಾರದು ಎಂದಾಯಿತು. ಭಾರ ತಡೆಯುವ ಶಕ್ತಿ ಚದರ ಮಿಲಿಮೀಟರಿಗೆ 3.5 ನ್ಯೂಟನ್ ಇರಬೇಕು, ಅದನ್ನು ಲ್ಯಾಬ್‌ನಲ್ಲೇ ನೋಡಬೇಕು. ಹಿಂದೆ ಕಡಿದ ಕಲ್ಲನ್ನು ತಿಂಗಳುಗಟ್ಟಲೆ ಗಾಳಿಗೆ ಬಿಟ್ಟು ಆಮೇಲೆ ಕಟ್ಟುತ್ತಿದ್ದರು. ಈಗ ಮೆಷಿನ್‌ನಲ್ಲಿ ಕತ್ತರಿಸಿ ಅದೇ ವಾರ ಗೋಡೆಗೆ ಏರಿಸುತ್ತಾರೆ. ಕಲ್ಲಿನೊಳಗಿನ ನೀರು ಆರುವ ಮೊದಲೇ ಪುಟ್ಟಿ ಬೀಳುತ್ತದೆ. ಮೊದಲ ಎರಡು ವರ್ಷದ ಪಸೆಗೆ ಎಷ್ಟೋ ಸಲ ಇಷ್ಟೇ ಕಾರಣ.

ಮಣ್ಣಿನ ಇಂಟರ್‌ಲಾಕ್ ಬ್ಲಾಕ್‌ನಲ್ಲಿ ಕಟ್ಟಿದವರೂ ಕೇಳುತ್ತಾರೆ. ಕೆಂಪು ಮಣ್ಣಿಗೆ ಸ್ವಲ್ಪ ಸಿಮೆಂಟ್ ಸೇರಿಸಿ ಒತ್ತಿ ಮಾಡುವ, ಸುಡದ ಬ್ಲಾಕ್ ಅದು. ಒಳ್ಳೆಯ ವಸ್ತು. ಗಾರೆ ಇಲ್ಲದೆ ಜೋಡಿಸಿದ ಸಂದುಗಳಲ್ಲಿ ಗಾಳಿಮಳೆ ಸಲೀಸಾಗಿ ಒಳಗೆ ಬರುತ್ತದೆ. ಅಂಗಳಕ್ಕೆ ಬಿದ್ದು ಚಿಮ್ಮುವ ಹನಿ ಕೆಳಗಿನ ಎರಡು ಸಾಲನ್ನು ಸವೆಸುತ್ತದೆ. ಪಡು ಬದಿಗೆ ಸಂದು ತುಂಬಿಸಿ, ಕೆಳಗಿನ ಒಂದೂವರೆ ಅಡಿಯನ್ನು ಕೆಂಪು ಕಲ್ಲಿನಲ್ಲೇ ಕಟ್ಟಿದರೆ ತೊಂದರೆ ಮುಕ್ಕಾಲು ಪಾಲು ಇಲ್ಲ.

ರಿಪೇರಿಯ ಕಾಲ

ಗೋಡೆ ಒಣಗಲು ಒಂದು ಸ್ಥೂಲ ಲೆಕ್ಕ ಇದೆ. ಒಂದಿಂಚು ದಪ್ಪಕ್ಕೆ ಒಂದು ತಿಂಗಳು. ಒಂಬತ್ತಿಂಚು ಗೋಡೆಗೆ ಒಂಬತ್ತು ತಿಂಗಳು. ನಮಗೆ ಸಿಗುವ ಒಣ ಕಾಲ ನವೆಂಬರ್‌ನಿಂದ ಮೇವರೆಗೆ ಮಾತ್ರ. ಹಾಗಾಗಿ ನೀರಿನ ದಾರಿಯನ್ನು ದೀಪಾವಳಿ ಕಳೆದ ಕೂಡಲೇ ಮುಚ್ಚಬೇಕು. ಏಪ್ರಿಲ್‌ನಲ್ಲಿ ನೆನಪಾಗಿ ಮೇ ತಿಂಗಳಲ್ಲಿ ಪೇಂಟ್ ಹೊಡೆದರೆ ಒದ್ದೆ ಗೋಡೆಗೇ ಹೊಡೆದ ಹಾಗೆ.

ಕಾಪುವಿನ ಮನೆಯಲ್ಲಿ ನವೆಂಬರ್‌ನಲ್ಲಿ ಗೋಡೆ ಪಕ್ಕದ ಇಂಟರ್‌ಲಾಕ್ ಸಾಲು ತೆಗೆಸಿ ಜಲ್ಲಿ ತುಂಬಿಸಿದೆವು. ಒಳಗೂ ಹೊರಗೂ ನಾಲ್ಕಡಿವರೆಗೆ ಸಾರಣೆ ಕಿತ್ತೆವು. ಕಲ್ಲು ಬರಿಮೈಯಲ್ಲಿ ನಿಂತಿತು. "ನೆಂಟರು ಬಂದ್ರೆ ಎಂತ ಹೇಳುದು? ಮನೆ ಒಡೆದು ಹಾಕಿದ ಹಾಗೆ ಕಾಣ್ತದೆ" ಎಂದು ಅಕ್ಕ ಬೇಸರ ಮಾಡಿಕೊಂಡರು. ನಾನು ಒಂದು ಮಳೆಗಾಲ ಹಾಗೇ ಬಿಡಿ ಎಂದು ಕೇಳಿಕೊಂಡೆ. ಬಿಟ್ಟರು. ಆ ಜುಲೈಯಲ್ಲಿ ಒದ್ದೆ ಒಂದಡಿಗೆ ನಿಂತಿತು.

ಮರು ಜನವರಿಯಲ್ಲಿ ಸುಣ್ಣದ ಸಾರಣೆ ಹಾಕಿದೆವು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳು. ಸುಣ್ಣ ಸಾರಣೆ ನೀರಿನ ಆವಿಯನ್ನು ಹೊರಗೆ ಬಿಡುತ್ತದೆ, ಕಲ್ಲಿಗಿಂತ ಮೆತ್ತಗೆ ಇರುತ್ತದೆ. ಹಾಳಾದರೆ ಅದು ಹಾಳಾಗುತ್ತದೆ, ಕಲ್ಲು ಉಳಿಯುತ್ತದೆ. ಚೀಲದ ಸುಣ್ಣ ತಂದರೆ ಚಿಟಿಕೆ ತೆಗೆದು ನಿಂಬೆರಸ ಹಿಂಡಿ ನೋಡಿ. ಬುರುಬುರು ಎಂದು ಜೋರಾಗಿ ನೊರೆ ಬಂದರೆ ಅದು ಚೀಲದಲ್ಲೇ ಗಾಳಿ ಕುಡಿದು ಮುಗಿದ ಸುಣ್ಣ, ಇನ್ನು ಗಟ್ಟಿಯಾಗುವುದಿಲ್ಲ. ಚಿಪ್ಪು ಸುಣ್ಣ ಸಿಕ್ಕಿದರೆ ಅರಳಿಸಿ ಕನಿಷ್ಠ ಎರಡು ವಾರ ನೀರಲ್ಲಿ ಇಟ್ಟು ಬಳಸಿ. ತೆಳುವಾಗಿ ಎರಡು ಪದರ, ನಡುವೆ ಕೆಲವು ದಿನ ಅಂತರ. ಬಿಸಿಲು ನೇರ ಬೀಳದ ಹಾಗೆ ಒದ್ದೆ ಗೋಣಿ ಇಳಿಬಿಡಿ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಗಟ್ಟಿಯಾಗುವುದು, ಅದಕ್ಕೆ ಅವಸರ ಆಗುವುದಿಲ್ಲ. ಮೇಲೆ ಎಮಲ್ಷನ್ ಬೇಡ. ಸುಣ್ಣವನ್ನೇ ತೆಳುವಾಗಿ ಮೂರು ಸಲ ಬಳಿಯಿರಿ. ಕೈಗೆ ಹುಡಿ ಹತ್ತುತ್ತದೆ ಎಂಬ ದೂರು ಬರುತ್ತದೆ. ಮೊದಲ ಕೆಲವು ತಿಂಗಳು ಸ್ವಲ್ಪ ಹತ್ತುವುದು ನಿಜ.

ಕಳೆದ ಆಟಿಯಲ್ಲಿ ಆ ಗೋಡೆಯ ಗೆರೆ ನೆಲದಿಂದ ನಾಲ್ಕಿಂಚು ಮೇಲಿತ್ತು, ಬಿಸಿಲು ಬಂದ ವಾರ ಅದೂ ಇರಲಿಲ್ಲ. ಅಕ್ಕ ಈಗ ಅಡುಗೆಮನೆಯ ಮೂಡು ಗೋಡೆಯಲ್ಲಿ ಹೊಸ ಗೆರೆ ಎಳೆದು ಫೋಟೊ ಕಳಿಸಿದ್ದಾರೆ. ಒದ್ದೆ ಸಿಂಕಿನ ಕೆಳಗೆ ಬಾಣಲೆಯಷ್ಟು ಅಗಲ, ಫೆಬ್ರವರಿಯಲ್ಲೂ ಹಾಗೇ ಇತ್ತಂತೆ. ಭಾನುವಾರ ನೀಲಿ ತೆಗೆದುಕೊಂಡು ಹೋಗುತ್ತಿದ್ದೇನೆ.